ಹಳ್ಳಿಮನೆ ಕೊಳ್ಳುವವರೇ, ಸರಾಸರಿ ಬೆಲೆ ಪಕ್ಕಕ್ಕಿಡಿ

ಪ್ರಶ್ನೆ: ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ಕೆಲಸದಲ್ಲಿದ್ದೇವೆ. ಕಾಟ್ಸ್‌ವೋಲ್ಡ್ಸ್ ಕಡೆಯ ಸಣ್ಣ ಹಳ್ಳಿಯೊಂದರಲ್ಲಿ ಹಳೇ ಕಲ್ಲಿನ ಮನೆ ನೋಡಿದ್ದೇವೆ. ಆ ಊರಿನ ಸರಾಸರಿ ಬೆಲೆ ಒಂದೇ ವರ್ಷದಲ್ಲಿ ಶೇ 40 ಇಳಿದಿದೆ ಅಂತ ವೆಬ್‌ಸೈಟ್ ತೋರಿಸುತ್ತಿದೆ. ಅದನ್ನೇ ಹೇಳಿ ಚೌಕಾಸಿ ಮಾಡಬಹುದಾ?

ಉತ್ತರ: ಚೌಕಾಸಿ ಮಾಡಿ, ಬೇಡ ಅಂದವರಾರು? ಆದರೆ ಆ ಶೇ 40 ಬಾಯಿಗೆ ಬಂದರೆ ಏಜೆಂಟ್ ಒಳಗೊಳಗೇ ನಗುತ್ತಾನೆ. ಊರಿನ ಹೆಸರು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಒಮ್ಮೆ ಬಿಡಿಸಿ ಹೇಳಿಬಿಡುತ್ತೇನೆ.

ಸಣ್ಣ ಹಳ್ಳಿಯಲ್ಲಿ ವರ್ಷಕ್ಕೆ ಮಾರಾಟವಾಗುವುದು ಬೆರಳೆಣಿಕೆಯ ಮನೆಗಳು. ಹೋದ ವರ್ಷ 2.8, 3, 3.2, 3.5 ಲಕ್ಷ ಪೌಂಡಿಗೆ ನಾಲ್ಕು ಮನೆ, 15 ಲಕ್ಷಕ್ಕೆ ಹಳೇ ಪಾದ್ರಿ ಬಂಗಲೆ ಹೋಯಿತು ಅಂದುಕೊಳ್ಳಿ. ಸರಾಸರಿ 5.5 ಲಕ್ಷ. ಈ ವರ್ಷ ಅಂಥವೇ ನಾಲ್ಕು ಮನೆ ಶೇ 5 ಜಾಸ್ತಿಗೆ ಹೋದವು, ಬಂಗಲೆ ಯಾವುದೂ ಇಲ್ಲ. ಸರಾಸರಿ 3.28 ಲಕ್ಷ. ಪ್ರತಿ ಮನೆಯ ಬೆಲೆಯೂ ಏರಿದೆ, ವೆಬ್‌ಸೈಟಿನಲ್ಲಿ ಮಾತ್ರ ಶೇ 40 ಕುಸಿತ!

ಒಂದೊಂದೇ ಮಾರಾಟ ನೋಡಿ. ಸರ್ಕಾರದ ಆಸ್ತಿ ನೋಂದಣಿ ಕಚೇರಿ ಲ್ಯಾಂಡ್ ರಿಜಿಸ್ಟ್ರಿಯಲ್ಲಿ 1995ರಿಂದ ಈಚಿನ ಮಾರಾಟದ ಬೆಲೆಗಳು ಪುಕ್ಕಟೆ ಸಿಗುತ್ತವೆ. ನೋಂದಣಿ ನಿಧಾನ, ಹಾಗಾಗಿ ಈಚಿನ ತಿಂಗಳುಗಳ ಪಟ್ಟಿ ಯಾವಾಗಲೂ ಅರೆಬರೆ. ಮನೆಯ ಅಳತೆ ಅಲ್ಲಿರುವುದಿಲ್ಲ. ಅದೇ ವಿಳಾಸವನ್ನು ಇಪಿಸಿ (ಮನೆಯ ಇಂಧನ ದಕ್ಷತೆಯ ಪ್ರಮಾಣಪತ್ರ) ರಿಜಿಸ್ಟರ್‌ನಲ್ಲಿ ಹುಡುಕಿದರೆ ಸಾಮಾನ್ಯವಾಗಿ ಚದರ ಮೀಟರ್ ಸಿಗುತ್ತದೆ. ಬೆಲೆಯನ್ನು ಅದರಿಂದ ಭಾಗಿಸಿ ನೋಡಿ. ಲೆಕ್ಕಕ್ಕೆ ಮನೆ ಸಾಲದಿದ್ದರೆ ಅಕ್ಕಪಕ್ಕದ ಊರನ್ನೂ ಸೇರಿಸಿಕೊಳ್ಳಿ.

ಇನ್ನು ಹಳ್ಳಿಯ ಚೆಲುವು. ಅದಕ್ಕೂ ಏಜೆಂಟ್ ಬೆಲೆ ಕಟ್ಟಿರುತ್ತಾನೆ, ಕಾಪಾಡುವ ಖರ್ಚು ಮಾತ್ರ ನಿಮ್ಮದು. ಮನೆ ಲಿಸ್ಟೆಡ್ ಆಗಿದ್ದರೆ, ಅಂದರೆ ಸಂರಕ್ಷಿತ ಹಳೇ ಕಟ್ಟಡಗಳ ಪಟ್ಟಿಯಲ್ಲಿದ್ದರೆ, ಒಳಗೋಡೆ ಒಡೆಯುವುದಕ್ಕೂ ಕೌನ್ಸಿಲ್ ಒಪ್ಪಿಗೆ ಬೇಕಾಗುತ್ತದೆ. ಕೇಳದೆ ಒಡೆದರೆ ಕ್ರಿಮಿನಲ್ ಅಪರಾಧ. ಹಿಂದಿನ ಮಾಲೀಕ ಕದ್ದು ಮಾಡಿದ ಕೆಲಸವನ್ನು ಸರಿಪಡಿಸುವ ಹೊಣೆಯೂ ನಿಮ್ಮ ತಲೆಗೆ ಬರಬಹುದು.

ಗೋಡೆಯ ಹತ್ತಿರ ನಿಂತು ಕಲ್ಲಿನ ಸಂದು ನೋಡಿ. ಹಳೇ ಗೋಡೆ ಸುಣ್ಣದ ಗಾರೆಯದು, ತೇವ ಆ ಸಂದಿನಿಂದಲೇ ಆರುತ್ತದೆ. ಅಲ್ಲಿ ಯಾರೋ ಸಿಮೆಂಟ್ ಮೆತ್ತಿದ್ದರೆ ತೇವವೆಲ್ಲ ಕಲ್ಲಿಗೇ ಇಳಿಯುತ್ತದೆ. ಬೂದು ಗೆರೆ ಗಟ್ಟಿಯಾಗಿ ಉಬ್ಬಿ ನಿಂತಿರುತ್ತದೆ, ನಡುವಿನ ಕಲ್ಲು ಸವೆದು ಒಳಗೆ ಸರಿದಿರುತ್ತದೆ. ಬೆರಳಿಂದ ಉಜ್ಜಿದರೆ ಪುಡಿ ಉದುರುತ್ತದೆ. ಇಂಥ ಮನೆಗೆ 'ಫ್ರೀ ಡ್ಯಾಂಪ್ ಸರ್ವೆ' (ಪುಕ್ಕಟೆ ತೇವ ಪರೀಕ್ಷೆ) ಯವರು ಹಾಜರ್. ಮರದ ತೇವ ಅಳೆಯುವ ಮೀಟರನ್ನು ಗೋಡೆಗೆ ಚುಚ್ಚಿ, ಕೆಂಪು ದೀಪ ತೋರಿಸಿ, ಗೋಡೆಗೆ ಕೆಮಿಕಲ್ ಇಂಜೆಕ್ಷನ್ ಮಾರಿಬಿಡುತ್ತಾರೆ. ಔಷಧ ಮಾರುವವನೇ ಪುಕ್ಕಟೆ ರೋಗ ಹೇಳಿದರೆ ನಂಬುತ್ತೀರಾ? ಹಳೇ ಕಟ್ಟಡ ಬಲ್ಲ ಸರ್ವೇಯರ್ ಕೈಲಿ ಲೆವೆಲ್ 3 ಸರ್ವೆ, ಅಂದರೆ ಅತಿ ವಿವರವಾದ ಮನೆ ತಪಾಸಣೆ, ಮಾಡಿಸಿ. ದುಡ್ಡು ಉಳಿಸೋಣ ಅಂತ ಲೆವೆಲ್ 2ಕ್ಕೆ ಇಳಿಯಬೇಡಿ. ಆ ವರದಿ ಹಿಡಿದು ಬೆಲೆ ಇಳಿಸಲು ಕೇಳಿ, ಆಗ ಏಜೆಂಟ್ ಕಿವಿಗೊಡುತ್ತಾನೆ.

ಪ್ರಶ್ನೆ: ಆಫರ್ ಒಪ್ಪಿಕೊಂಡಿದ್ದಾರೆ. ಮನೆ ನಮ್ಮದಾದ ಹಾಗೇ ಅಲ್ವಾ?

ಉತ್ತರ: ಅಲ್ಲ. ಕಾಂಟ್ರಾಕ್ಟ್ ಎಕ್ಸ್‌ಚೇಂಜ್ (ಸಹಿ ಹಾಕಿದ ಕರಾರು ಪತ್ರಗಳ ವಿನಿಮಯ) ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಕೈ ಎತ್ತಬಹುದು. ಕರ್ಟನ್ ಆಮೇಲೆ ತನ್ನಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಅಪ್ಪನ ಮನೆಯಲ್ಲಿ ನನಗೆ ಪಾಲು ಬಂದಿದೆ. ಇಂಗ್ಲೆಂಡಿನಲ್ಲಿ ಇದೇ ಮೊದಲ ಮನೆ. ಸ್ಟ್ಯಾಂಪ್ ಡ್ಯೂಟಿಯಲ್ಲಿ ಫಸ್ಟ್ ಟೈಮ್ ಬೈಯರ್ ರಿಯಾಯಿತಿ ಸಿಗುತ್ತಾ?

ಉತ್ತರ: ಇಲ್ಲ. ಪ್ರಪಂಚದಲ್ಲಿ ಎಲ್ಲೇ ಮನೆ ಇದ್ದರೂ, ಪಿತ್ರಾರ್ಜಿತ ಪಾಲಾದರೂ, ನೀವು ಮೊದಲ ಸಲದವರಲ್ಲ. ಪಾಲಿನ ಬೆಲೆ 40,000 ಪೌಂಡ್ ಮುಟ್ಟಿದರೆ ಶೇ 5ರ ಹೆಚ್ಚುವರಿ ತೆರಿಗೆಯೂ ಬೀಳಬಹುದು. ಅರ್ಧಕ್ಕಿಂತ ಹೆಚ್ಚಿಲ್ಲದ ಪಾಲು ಬಂದು ಮೂರು ವರ್ಷ ಆಗಿಲ್ಲದಿದ್ದರೆ ಆ ಹೆಚ್ಚುವರಿ ತೆರಿಗೆಯಿಂದ ವಿನಾಯಿತಿ ಇದೆ. 'ಅವರಿಗೆ ಹೇಗೆ ಗೊತ್ತಾಗುತ್ತೆ' ಅನ್ನುವ ವಾಟ್ಸಾಪ್ ಪಂಡಿತರು ನಾಳೆ ನಿಮ್ಮ ದಂಡ ಕಟ್ಟುವುದಿಲ್ಲ. ಸಾಲಿಸಿಟರ್‌ಗೆ ಮೊದಲೇ ಇದ್ದದ್ದು ಇದ್ದ ಹಾಗೆ ಹೇಳಿ.

ಪ್ರಶ್ನೆ: ಸೆಪ್ಟಿಕ್ ಟ್ಯಾಂಕ್ ನೀರು ಹಿತ್ತಲ ತೊರೆಗೆ ಹೋಗುತ್ತದೆ. ಎಷ್ಟೋ ವರ್ಷದಿಂದ ಹಾಗೇ ಇದೆಯಂತೆ, ಪರವಾಗಿಲ್ವಾ?

ಉತ್ತರ: ಅದು ತಪ್ಪು. 2020ರ ಜನವರಿ 1ರಿಂದ ಹಾಗೆ ನೇರವಾಗಿ ತೊರೆಗೆ ಬಿಡುವಂತಿಲ್ಲ. ಮಾರುವವರೇ ಬದಲಾಯಿಸಿ ಕೊಡಲಿ, ಇಲ್ಲವೇ ಬೆಲೆಯಲ್ಲಿ ಕಳೆಯಲಿ.