ಮಾತನಾಡದ ಕೌಂಟ್, ಮಾತನಾಡುವ ಹೆಲೆನ್

ಮಾನ್ಯರೇ,
ಹಳೆಯ ಭಯಾನಕ ಚಿತ್ರಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿ, 1966ರ ‘ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್’ ನೋಡಿದೆ. ಅರ್ಧ ಸಿನಿಮಾ ಕಳೆಯುವವರೆಗೆ ಡ್ರಾಕುಲಾನ ಸುಳಿವೇ ಇಲ್ಲ. ಬಂದ ಮೇಲೂ ಬುಸುಗುಟ್ಟುತ್ತಾನೆಯೇ ಹೊರತು ಒಂದು ಮಾತನ್ನೂ ಆಡುವುದಿಲ್ಲ. ಕೊನೆಗೆ ನೀರಿಗೆ ಬಿದ್ದು ಸಾಯುತ್ತಾನೆ! ದುಡ್ಡು ಕೊಟ್ಟು ಬಂದ ಅಂದಿನ ಜನ ಇದನ್ನು ಹೇಗೆ ಸಹಿಸಿಕೊಂಡರು? ಇದರ ಮುಂದಿನ ಭಾಗಗಳನ್ನು ನೋಡಬಹುದೇ?
— ಒಬ್ಬ ಓದುಗ, ಶಿವಮೊಗ್ಗ

ಸಂಪಾದಕರ ಉತ್ತರ:

ಸಹಿಸಿಕೊಳ್ಳುವುದೇನು ಬಂತು, ದುಡ್ಡು ಕೊಟ್ಟು ನೋಡಿದರು. ಚಿತ್ರ ಚೆನ್ನಾಗಿಯೇ ಓಡಿತು. ಓಡದಿದ್ದರೆ ಬ್ರಿಟನ್ನಿನ ಹ್ಯಾಮರ್ ಸಂಸ್ಥೆ ಕ್ರಿಸ್ಟೋಫರ್ ಲೀ ಅವರಿಗೆ ಕರಿಯ ನಿಲುವಂಗಿ ತೊಡಿಸಿ ಇನ್ನೂ ಐದು ಡ್ರಾಕುಲಾ ಚಿತ್ರಗಳನ್ನು ತೆಗೆಯುತ್ತಿರಲಿಲ್ಲ. ಹಾಗೆಂದು ನಿಮ್ಮ ತಕರಾರನ್ನು ತಳ್ಳಿಹಾಕುವಂತಿಲ್ಲ. ಚಿತ್ರ ಓಡಿತು ಎನ್ನುವುದು ಅದು ಒಳ್ಳೆಯದು ಎನ್ನುವುದಕ್ಕೆ ಸಾಕ್ಷಿಯಲ್ಲ. ಹಾಗಿದ್ದಿದ್ದರೆ ವಿಮರ್ಶೆಗೆಂದು ನಾವು ಪುಟ ಮೀಸಲಿಡುವ ಅಗತ್ಯವೇ ಇರಲಿಲ್ಲ.

ಮೊದಲು ಕಾಯುವಿಕೆಯ ಮಾತು. ಲೀ ಮೊದಲ ಸಲ ಡ್ರಾಕುಲಾ ಆದದ್ದು 1958ರಲ್ಲಿ, ಟೆರೆನ್ಸ್ ಫಿಶರ್ ನಿರ್ದೇಶನದಲ್ಲಿ. ಎರಡು ವರ್ಷದ ನಂತರ ಅದೇ ನಿರ್ದೇಶಕರ ‘ದಿ ಬ್ರೈಡ್ಸ್ ಆಫ್ ಡ್ರಾಕುಲಾ’ ಬಂತು. ಹೆಸರಿನಲ್ಲಿ ಡ್ರಾಕುಲಾ ಇದ್ದ, ಪರದೆಯ ಮೇಲೆ ಇರಲಿಲ್ಲ. ಅಲ್ಲಿನ ರಕ್ತಪಿಶಾಚಿ ಬ್ಯಾರನ್ ಮೈನ್‌ಸ್ಟರ್ ಎಂಬ ಹೊಂಬಣ್ಣದ ಕೂದಲಿನ ಯುವಕ. ಹೀಗೆ ನಿಜವಾದ ಕೌಂಟ್, ಅಂದರೆ ಡ್ರಾಕುಲಾ, ಮರಳಲು ಎಂಟು ವರ್ಷ ಹಿಡಿಯಿತು. ಅಷ್ಟು ಕಾದವರಿಗೆ ಇನ್ನು ಮುಕ್ಕಾಲು ಗಂಟೆ ಯಾವ ಲೆಕ್ಕ?

ಇಲ್ಲಿ ಇನ್ನೊಂದು ಸಂಗತಿ ಇದೆ. 1958ರ ಚಿತ್ರಕ್ಕೆ ಬ್ರಿಟನ್ನಿನಲ್ಲಿ ಸಿಕ್ಕಿದ್ದು ‘ಎಕ್ಸ್’ ಪ್ರಮಾಣಪತ್ರ. ಹದಿನಾರು ತುಂಬದವರಿಗೆ ಚಿತ್ರಮಂದಿರದೊಳಗೆ ಪ್ರವೇಶವಿರಲಿಲ್ಲ. 1966ರಲ್ಲಿ ಹದಿನೆಂಟರ ಹರೆಯದಲ್ಲಿದ್ದ ಹುಡುಗ 1958ರಲ್ಲಿ ಹತ್ತರ ಪೋರ. ಮರುಬಿಡುಗಡೆಯಲ್ಲಿ ನೋಡಿದವರನ್ನು ಬಿಟ್ಟರೆ, ಆ ವಯಸ್ಸಿನವರ ಪಾಲಿಗೆ ಮೊದಲ ಚಿತ್ರವೆಂದರೆ ಅಣ್ಣಂದಿರ ಬಾಯಲ್ಲಿ ಕೇಳಿದ ಕಥೆ. ವಿಡಿಯೊ ಕ್ಯಾಸೆಟ್ ಇನ್ನೂ ಮನೆಗೆ ಬಂದಿರದ ಕಾಲ. ಅದಕ್ಕೇ ಎರಡನೆಯ ಚಿತ್ರ ಮೊದಲನೆಯದರ ಕೊನೆಯ ದೃಶ್ಯದಿಂದಲೇ ಶುರುವಾಗುತ್ತದೆ: ಪಿಶಾಚಿ ಬೇಟೆಗಾರ ವ್ಯಾನ್ ಹೆಲ್ಸಿಂಗ್ ಪಾತ್ರದ ಪೀಟರ್ ಕುಶಿಂಗ್ ಕಿಟಕಿಯ ಪರದೆ ಹರಿದು ಬಿಸಿಲು ಒಳಬಿಡುತ್ತಾರೆ, ಡ್ರಾಕುಲಾ ಬೂದಿಯಾಗುತ್ತಾನೆ. ಆ ದೃಶ್ಯವನ್ನು ಮತ್ತೊಮ್ಮೆ ಹಾಕಿ ನೋಡಿ. ಚಿತ್ರದ ಸುತ್ತ ಮಂಜು ಕವಿದಂತೆ ಚೌಕಟ್ಟು ಕಾಣುತ್ತದಲ್ಲ? ಹೊಸ ಚಿತ್ರ ಅಗಲ ಪರದೆಯದು, ಹಳೆಯ ತುಣುಕು ಕಿರಿದು. ಉಳಿದ ಜಾಗವನ್ನು ಮಂಜಿನಿಂದ ಮುಚ್ಚಿದರು. ಬಡತನದಲ್ಲೂ ಬುದ್ಧಿ ಓಡಿಸುವುದೆಂದರೆ ಇದು.

ಇನ್ನು ಮೌನ. ಇದರ ಬಗ್ಗೆ ಎರಡು ಹೇಳಿಕೆಗಳಿವೆ, ಒಂದಕ್ಕೊಂದು ಹೊಂದುವುದಿಲ್ಲ. ಬರೆದಿದ್ದ ಸಂಭಾಷಣೆ ತೀರಾ ಕಳಪೆಯಾಗಿತ್ತು, ನಾನೇ ಹೇಳಲು ಒಪ್ಪಲಿಲ್ಲ ಎಂದು ಲೀ ಜೀವನಪೂರ್ತಿ ಹೇಳುತ್ತ ಬಂದರು. ಚಿತ್ರಕಥೆ ಬರೆದ ಜಿಮ್ಮಿ ಸ್ಯಾಂಗ್‌ಸ್ಟರ್ ಹೇಳಿದ್ದು ಬೇರೆ: ರಕ್ತಪಿಶಾಚಿಗಳು ಹರಟೆ ಹೊಡೆಯುವುದಿಲ್ಲ, ನಾನು ಅವನಿಗೆ ಮಾತೇ ಬರೆದಿರಲಿಲ್ಲ. ಸ್ಯಾಂಗ್‌ಸ್ಟರ್ ಈ ಚಿತ್ರದಲ್ಲಿ ತಮ್ಮ ಹೆಸರನ್ನೂ ಹಾಕಿಸಿಕೊಳ್ಳದೆ ಜಾನ್ ಸ್ಯಾನ್ಸಮ್ ಎಂಬ ಮರೆಹೆಸರಿನಲ್ಲಿ ನಿಂತರು. ಯಾರ ಮಾತು ನಿಜವೋ ಅವರಿಬ್ಬರಿಗೇ ಬಿಟ್ಟದ್ದು. ನನಗೆ ಮುಖ್ಯವಾಗಿ ಕಾಣುವುದು ಬೇರೆ. 1958ರ ಚಿತ್ರದಲ್ಲೂ ಡ್ರಾಕುಲಾ ಮಾತನಾಡುವುದು ಆರಂಭದಲ್ಲಿ ಮಾತ್ರ, ಅದೂ ಮನೆಗೆ ಬಂದ ಅತಿಥಿಯೊಡನೆ. ಹಲ್ಲು ತೋರಿಸಿದ ಮೇಲೆ ಅವನಿಗೆ ಮಾತು ಬೇಕಾಗಲಿಲ್ಲ. ಈ ಚಿತ್ರದಲ್ಲಿ ಅತಿಥಿ ಸತ್ಕಾರವೆಲ್ಲ ಸೇವಕ ಕ್ಲೋವ್‌ನ ಪಾಲಿಗೆ ಬಂದಿದೆ. ಕೋಟೆಗೆ ಬಂದ ನಾಲ್ವರು ಇಂಗ್ಲಿಷ್ ಪ್ರವಾಸಿಗರಿಗೆ ಊಟದ ಮೇಜಿನ ಮೇಲೆ ನಾಲ್ಕು ತಟ್ಟೆ ಇಟ್ಟವನು ಅವನು. ಯಜಮಾನರು ತೀರಿಕೊಂಡಿದ್ದಾರೆ, ಆದರೂ ಬಂದವರನ್ನು ಸತ್ಕರಿಸಬೇಕೆಂಬುದು ಅವರ ಆಜ್ಞೆ ಎಂದು ತಣ್ಣಗೆ ಹೇಳುವವನೂ ಅವನೇ. ನಯದ ಮಾತುಗಳನ್ನೆಲ್ಲ ಆಳು ಆಡಿ ಮುಗಿಸಿದ ಮೇಲೆ ಒಡೆಯನಿಗೆ ಉಳಿಯುವುದು ಹಸಿವು ಮಾತ್ರ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಅಬ್ಬರಿಸುತ್ತ ಬರುವುದನ್ನು ನೋಡಿದವರಾದರೆ, ಮಾತಿಗೆ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ ಎನ್ನುವುದು ನಿಮಗೂ ಗೊತ್ತಿರುತ್ತದೆ.

ಅವನು ಎದ್ದು ಬರುವ ದೃಶ್ಯವನ್ನಂತೂ ನೀವು ಪತ್ರದಲ್ಲಿ ಎತ್ತಲೇ ಇಲ್ಲ. ಆ ನಾಲ್ವರಲ್ಲಿ ಅಲನ್ ಎಂಬವನನ್ನು ಇರಿದು, ಕಾಲಿಗೆ ಹಗ್ಗ ಬಿಗಿದು ಕಲ್ಲಿನ ಶವಪೆಟ್ಟಿಗೆಯ ಮೇಲೆ ತಲೆಕೆಳಗಾಗಿ ತೂಗುಹಾಕುತ್ತಾನೆ ಕ್ಲೋವ್. ಪೆಟ್ಟಿಗೆಯೊಳಗೆ ಯಜಮಾನನ ಬೂದಿಯನ್ನು ಹರಡುತ್ತಾನೆ. ಆಮೇಲೆ ಕತ್ತು ಸೀಳುತ್ತಾನೆ. ಕೆಂಪು ಧಾರೆ ಬೂದಿಯ ಮೇಲೆ ಬೀಳುತ್ತದೆ, ಹೊಗೆ ಏಳುತ್ತದೆ, ಕೊನೆಗೆ ಪೆಟ್ಟಿಗೆಯ ಅಂಚಿಗೆ ಒಂದು ಕೈ. ಅವಸರವಿಲ್ಲ, ಕಿರುಚಾಟವಿಲ್ಲ. ಕ್ಲೋವ್ ಪೂಜೆಗೆ ಕುಳಿತವನಂತೆ ಶ್ರದ್ಧೆಯಿಂದ ಕೆಲಸ ಮಾಡುತ್ತಾನೆ. 1966ರ ಪ್ರೇಕ್ಷಕ ಇಷ್ಟನ್ನು ಬಣ್ಣದಲ್ಲಿ ನೋಡಿ ಮನೆಗೆ ಹೋದ ಮೇಲೆ, ‘ಡ್ರಾಕುಲಾ ತಡವಾಗಿ ಬಂದ’ ಎಂದು ದೂರಿರಲಾರ.

ಆದರೆ ನನ್ನ ಕೇಳಿದರೆ ಇದು ಡ್ರಾಕುಲಾನ ಚಿತ್ರವೇ ಅಲ್ಲ. ಇದು ಅಲನ್‌ನ ಹೆಂಡತಿ ಹೆಲೆನ್‌ಳ ಚಿತ್ರ. ಬಾರ್ಬರಾ ಶೆಲ್ಲಿ ಆ ಪಾತ್ರವನ್ನು ಮಾಡಿದ್ದಾರೆ. ಕೂದಲು ಬಿಗಿದು ಕಟ್ಟಿದ, ಎಲ್ಲದಕ್ಕೂ ಕೊಂಕು ತೆಗೆಯುವ, ನಾಲ್ವರಲ್ಲಿ ಯಾರಿಗೂ ಬೇಡವಾದ ಹೆಂಗಸು. ಆ ಕೋಟೆಗೆ ಹೋಗುವುದು ಬೇಡ ಎಂದು ಗೋಗರೆಯುವವಳು ಅವಳೊಬ್ಬಳೇ, ಉಳಿದವರು ನಗುತ್ತಾರೆ. ಈ ರಾತ್ರಿ ನಮಗೆ ಬೆಳಗಾಗುವುದಿಲ್ಲ ಎಂದು ಅವಳು ಹೇಳಿದಾಗ ಗಂಡನೂ ಕಿವಿಗೊಡುವುದಿಲ್ಲ. ಅವಳು ಹೇಳಿದ್ದೇ ನಿಜವಾಗುತ್ತದೆ, ಮೊದಲ ಬಲಿ ಗಂಡ, ಎರಡನೆಯದು ಅವಳು. ಕೌಂಟ್ ಕಚ್ಚಿದ ಮೇಲೆ ಕೂದಲು ಬಿಚ್ಚಿಕೊಂಡು, ನಗುತ್ತ, ‘ಬಾ ತಂಗಿ’ ಎಂದು ಓರಗಿತ್ತಿ ಡಯಾನಾಳನ್ನು ಕರೆಯುವ ಹೆಲೆನ್ ಬೇರೆಯೇ ಹೆಂಗಸು. ಕೊನೆಗೆ ಮಠದ ಸನ್ಯಾಸಿಗಳು ಒದ್ದಾಡುವ ಅವಳನ್ನು ಮೇಜಿನ ಮೇಲೆ ಒತ್ತಿ ಹಿಡಿದು ಎದೆಗೆ ಗೂಟ ಹೊಡೆಯುವ ದೃಶ್ಯವಿದೆ. ಇಡೀ ಚಿತ್ರದಲ್ಲಿ ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಅದು. ಅಲ್ಲಿ ಯಾರು ಸಜ್ಜನರು, ಯಾರು ಪಿಶಾಚಿ ಎಂದು ಅರೆಕ್ಷಣ ಗೊಂದಲವಾಗುತ್ತದೆ. ನಿಮ್ಮ ಪತ್ರದಲ್ಲಿ ಹೆಲೆನ್‌ಳ ಹೆಸರೇ ಇಲ್ಲದಿರುವುದು ನೋಡಿ, ನೀವೂ ಆ ಮೂವರು ಸಹಪ್ರಯಾಣಿಕರ ಸಾಲಿಗೇ ಸೇರಿದಿರೇ ಎಂದುಕೊಂಡೆ!

ಪ್ರೇಕ್ಷಕರ ಸ್ವಾಗತ ಎಂದರಲ್ಲ, ಅದರಲ್ಲಿ ವ್ಯಾಪಾರದ ಪಾಲೂ ದೊಡ್ಡದು. ಈ ಚಿತ್ರ ಒಂಟಿಯಾಗಿ ಬರಲಿಲ್ಲ. ‘ದಿ ಪ್ಲೇಗ್ ಆಫ್ ದಿ ಜಾಂಬೀಸ್’ ಜೊತೆಗೆ ಒಂದೇ ಟಿಕೆಟ್ಟಿಗೆ ಎರಡು ಚಿತ್ರ. ಅಮೆರಿಕದಲ್ಲಿ ಇವನ್ನು ಹಂಚಿದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಒಂದು ಹೆಜ್ಜೆ ಮುಂದೆ ಹೋಗಿ, ಹುಡುಗರಿಗೆ ಪ್ಲಾಸ್ಟಿಕ್ಕಿನ ಡ್ರಾಕುಲಾ ಹಲ್ಲು, ಹುಡುಗಿಯರಿಗೆ ಜಾಂಬಿ ಕಣ್ಣು ಉಚಿತ ಎಂದು ಜಾಹೀರಾತು ಮಾಡಿತು. ಬಾಯಲ್ಲಿ ಪ್ಲಾಸ್ಟಿಕ್ ಹಲ್ಲು ಸಿಕ್ಕಿಸಿಕೊಂಡ ಹುಡುಗರ ನಡುವೆ ಕುಳಿತು ಈ ಚಿತ್ರ ನೋಡುವುದನ್ನು ಊಹಿಸಿಕೊಳ್ಳಿ. ನೀವು ಮನೆಯಲ್ಲಿ ಒಬ್ಬರೇ ಕುಳಿತು ನೋಡಿದ್ದಕ್ಕೂ ಅದಕ್ಕೂ ಅಜಗಜಾಂತರ.

ಜೋಡಿ ಕಟ್ಟಿದ್ದರಲ್ಲೂ ಒಂದು ಚಾಲಾಕಿತನವಿತ್ತು. ಲಂಡನ್ನಿನ ಹೊರಗಿನ ಬ್ರೇ ಸ್ಟುಡಿಯೊದಲ್ಲಿ 1965ರಲ್ಲಿ ಹ್ಯಾಮರ್ ನಾಲ್ಕು ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯಿತು. ಡ್ರಾಕುಲಾನ ಕೋಟೆಯನ್ನೇ ತುಸು ಬದಲಿಸಿ ‘ರಾಸ್ಪುಟಿನ್: ದಿ ಮ್ಯಾಡ್ ಮಾಂಕ್’ ಚಿತ್ರಕ್ಕೆ ಬಳಸಿದರು, ಲೀ, ಶೆಲ್ಲಿ, ಫ್ರಾನ್ಸಿಸ್ ಮ್ಯಾಥ್ಯೂಸ್, ಸುಜಾನ್ ಫಾರ್ಮರ್ ಎರಡರಲ್ಲೂ ಇದ್ದಾರೆ. ಜಾಂಬಿಗಳ ಹಳ್ಳಿಯೇ ‘ದಿ ರೆಪ್ಟೈಲ್’ ಚಿತ್ರದ ಹಳ್ಳಿಯೂ ಆಯಿತು. ಬಿಡುಗಡೆಯ ಹೊತ್ತಿಗೆ ಜೋಡಿಗಳನ್ನು ಅದಲುಬದಲು ಮಾಡಿದರು, ಒಂದೇ ಸಂಜೆ ಒಂದೇ ಸೆಟ್ಟನ್ನು ಎರಡು ಸಲ ನೋಡಿ ಜನ ಗುಟ್ಟು ಕಂಡುಹಿಡಿಯಬಾರದೆಂದು.

ನೀರಿನ ವಿಷಯದಲ್ಲಿ ನಿಮ್ಮ ಜೊತೆ ಅರ್ಧ ದಾರಿ ಬರುತ್ತೇನೆ. ಹರಿಯುವ ನೀರಿಗೂ ರಕ್ತಪಿಶಾಚಿಗೂ ಆಗಿಬರದು ಎನ್ನುವುದು ಹ್ಯಾಮರ್‌ನವರ ಕಟ್ಟುಕಥೆಯಲ್ಲ. ಬ್ರಾಮ್ ಸ್ಟೋಕರ್ 1897ರ ಕಾದಂಬರಿಯಲ್ಲೇ ಅಂಥ ನೀರನ್ನು ದಾಟಲು ಅವನಿಗೆ ಕಟ್ಟುಪಾಡುಗಳನ್ನು ಹಾಕಿದ್ದಾನೆ. ಹೆಪ್ಪುಗಟ್ಟಿದ ಕಂದಕದ ಮೇಲೆ ಆ ಮಠದ ಗುರು ಫಾದರ್ ಸ್ಯಾಂಡರ್ ಗುಂಡು ಹೊಡೆದು ಮಂಜುಗಡ್ಡೆ ಒಡೆಯುವ ಉಪಾಯವೂ ಚೆನ್ನಾಗಿದೆ. ಆದರೆ ಗಡ್ಡೆ ಅಲುಗಾಡುವಾಗ ಅದು ಸೆಟ್ ಎಂದು ಗೊತ್ತಾಗಿಬಿಡುತ್ತದೆ, ಒಪ್ಪಿದೆ. ಲೀ ಬದಲಿಗೆ ಆ ನೀರಿಗೆ ಬಿದ್ದ ಸ್ಟಂಟ್ ಕಲಾವಿದ ಎಡ್ಡಿ ಪೊವೆಲ್ ಮುಳುಗಿ ಹೋಗುವುದರಲ್ಲಿದ್ದರು ಎಂದು ತಿಳಿದ ಮೇಲೆ ನನಗಂತೂ ನಗು ಬರುವುದಿಲ್ಲ. ಮಠಕ್ಕೆ ಕಥೆ ಹೋದ ಮೇಲೆ ಬಿಗಿ ಸಡಿಲವಾಗುತ್ತದೆ ಎಂಬುದನ್ನು ನೀವು ಹೇಳದಿದ್ದರೂ ನಾನೇ ಹೇಳುತ್ತೇನೆ. ನೊಣ ತಿನ್ನುವ ಲುಡ್ವಿಗ್ ಅಲ್ಲಿ ಕಾದಂಬರಿಯ ಅಂಥದೇ ಪಾತ್ರದ ನೆನಪಿಗಷ್ಟೇ ಇದ್ದಾನೆ.

ಮುಂದಿನ ಭಾಗ 1968ರ ‘ಡ್ರಾಕುಲಾ ಹ್ಯಾಸ್ ರಿಸನ್ ಫ್ರಮ್ ದಿ ಗ್ರೇವ್’. ಅದರಲ್ಲಿ ಅವನು ನಾಲ್ಕು ಮಾತನಾಡುತ್ತಾನೆ, ನಿಮಗೆ ಸಮಾಧಾನವಾದೀತು. ಆದರೆ ಎದೆಗೆ ಹೊಡೆದ ಗೂಟವನ್ನು ತಾನೇ ಕಿತ್ತೆಸೆಯುತ್ತಾನೆ, ಹೊಡೆದವನು ನಾಸ್ತಿಕ, ಪ್ರಾರ್ಥನೆ ಹೇಳಲಾರ ಎಂಬ ಕಾರಣಕ್ಕೆ. ಲೀ ಅವರಿಗೇ ಅದು ಹಿಡಿಸಿರಲಿಲ್ಲ. ನೀರಿಗೇ ಸಿಟ್ಟಾದ ನೀವು ಅಲ್ಲಿ ಏನೆನ್ನುವಿರೋ! ಅದಕ್ಕಿಂತ ಮೊದಲು 1960ರ ‘ಬ್ರೈಡ್ಸ್’ ನೋಡಿ. ಕುಶಿಂಗ್ ಇದ್ದಾರೆ, ಕೊನೆಯಲ್ಲಿ ಒಂದು ಗಾಳಿಯಂತ್ರವಿದೆ, ಕಥೆ ಎಲ್ಲೂ ಜೋತುಬೀಳುವುದಿಲ್ಲ. ಡ್ರಾಕುಲಾ ಅದರಲ್ಲಿ ಇಲ್ಲವೆಂದು ಮತ್ತೆ ಪತ್ರ ಬರೆಯಬೇಡಿ, ಮೇಲೆಯೇ ಹೇಳಿದ್ದೇನೆ.