ಮನೆಯಲ್ಲಿ ಕನ್ನಡ ಮಾತಾಡುವ ಮಗಳಿಗೆ ಅಮೆರಿಕದ ಹೈಸ್ಕೂಲಿನಲ್ಲಿ ‘ಸೀಲ್ ಆಫ್ ಬೈಲಿಟರಸಿ’ ಸಿಗುತ್ತದೆಯೇ?

ಸಿಗುತ್ತದೆ. ಆದರೆ ಮಾತು ಬಂದರಷ್ಟೇ ಸಾಲದು, ಬರೆಯಲೂ ಬರಬೇಕು.

ನಿಮ್ಮ ಮಗಳು ಕ್ಯಾಲಿಫೋರ್ನಿಯಾದಲ್ಲಿ ಹತ್ತನೇ ಗ್ರೇಡಿನಲ್ಲಿದ್ದಾಳೆ, ಮನೆಯಲ್ಲಿ ಸರಾಗವಾಗಿ ಕನ್ನಡ ಮಾತಾಡುತ್ತಾಳೆ, ಶಾಲೆಯಲ್ಲಿ ಸ್ಪ್ಯಾನಿಷ್ ತೆಗೆದುಕೊಂಡಿದ್ದಾಳೆ ಅಂದಿದ್ದೀರಿ. ಕನ್ನಡಕ್ಕೂ ಈ ಸೀಲ್ ಕೊಡುತ್ತಾರಾ, ಅದರಿಂದ ಏನು ಪ್ರಯೋಜನ ಅನ್ನುವುದು ನಿಮ್ಮ ಪ್ರಶ್ನೆ. ನಾನು ಇಲ್ಲಿ ವಾರಾಂತ್ಯದ ಕನ್ನಡ ತರಗತಿಯಲ್ಲಿ ಕಲಿಸುತ್ತೇನೆ. ಹೈಸ್ಕೂಲ್ ಮಕ್ಕಳನ್ನು ಇದೇ ಪರೀಕ್ಷೆಗೆ ತಯಾರು ಮಾಡುವುದೂ ಅದರಲ್ಲಿ ಒಂದು ಕೆಲಸ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಇದು ಏನು ಅಂತ. ಇಂಗ್ಲಿಷ್ ಜೊತೆಗೆ ಇನ್ನೊಂದು ಭಾಷೆಯಲ್ಲೂ ಮಾತು, ಓದು, ಬರಹ ಬರುತ್ತದೆ ಅಂತ ತೋರಿಸಿದ ಮಕ್ಕಳಿಗೆ ಹೈಸ್ಕೂಲ್ ಮುಗಿಸುವಾಗ ಕೊಡುವ ಮನ್ನಣೆ. ಡಿಪ್ಲೊಮಾ ಇಲ್ಲವೇ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಮೇಲೆ ಒಂದು ಚಿನ್ನದ ಬಣ್ಣದ ಮುದ್ರೆ ಅಂಟಿಸುತ್ತಾರೆ. ಇದು ಶುರುವಾಗಿದ್ದೇ ನಿಮ್ಮ ರಾಜ್ಯದಲ್ಲಿ. 2011ರಲ್ಲಿ ಕಾನೂನಿಗೆ ಸಹಿ ಬಿತ್ತು, 2012ರಿಂದ ಜಾರಿಗೆ ಬಂತು. 2012ರಲ್ಲೇ ನ್ಯೂಯಾರ್ಕ್ ಕೂಡ ಕಾನೂನು ಮಾಡಿತು. ಈಗ ದೇಶದ ಬಹುತೇಕ ಎಲ್ಲ ಕಡೆ ಇದೆ.

ಇದು ಹುಟ್ಟಿದ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ‘ಪ್ರಾಪೊಸಿಷನ್ 227’ಕ್ಕೆ, ಅಂದರೆ ಜನರೇ ಮತ ಹಾಕಿ ತೀರ್ಮಾನಿಸುವ ಒಂದು ಪ್ರಸ್ತಾವಕ್ಕೆ, ಒಪ್ಪಿಗೆ ಕೊಟ್ಟಿದ್ದರು. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ ಪಾಠ ಆಗಬೇಕು ಅನ್ನುವುದು ಅದರ ಸಾರ. ಅದು ಹೋಗಿದ್ದು 2016ರಲ್ಲಿ, ‘ಪ್ರಾಪೊಸಿಷನ್ 58’ ಗೆದ್ದ ಮೇಲೆ. ಅಂದರೆ ಮನೆಭಾಷೆಯನ್ನು ತರಗತಿಯಿಂದ ಹೊರಗಿಟ್ಟಿದ್ದ ಕಾಲದಲ್ಲೇ, ಎರಡು ಭಾಷೆ ಬರುವ ಮಗುವಿಗೆ ರಾಜ್ಯದ ಮುದ್ರೆ ಸಿಗಲಿ ಅಂತ ಕೆಲವರು ಪಟ್ಟು ಹಿಡಿದು ಕೂತಿದ್ದರು. ‘ಕ್ಯಾಲಿಫೋರ್ನಿಯನ್ಸ್ ಟುಗೆದರ್’ ಅನ್ನುವ ಸಂಘಟನೆ ಅದರಲ್ಲಿ ಮುಂದಿತ್ತು.

ನನಗೆ ಈ ಸೀಲ್ ಮುಖ್ಯ ಅನಿಸುವುದೂ ಅದಕ್ಕೇ. ಇಂಗ್ಲಿಷ್ ಒಂದೇ ಬರುವ ಹುಡುಗ ನಾಲ್ಕು ವರ್ಷ ಸ್ಪ್ಯಾನಿಷ್ ಕಲಿತರೆ ಎಲ್ಲರೂ ಬೆನ್ನು ತಟ್ಟುತ್ತಾರೆ. ಮನೆಯಲ್ಲಿ ಕನ್ನಡವೋ ಸ್ಪ್ಯಾನಿಷ್ಷೋ ಹ್ಮಾಂಗೋ ಆಡಿಕೊಂಡು ಬೆಳೆದ ಮಗು ಶಾಲೆಗೆ ಬಂದರೆ, ಮೊದಲ ದಿನವೇ ಅದಕ್ಕೆ ಇಂಗ್ಲಿಷ್ ಎಷ್ಟು ಕಡಿಮೆ ಬರುತ್ತದೆ ಅಂತ ಅಳೆಯುತ್ತಾರೆ. ಬರುವ ಭಾಷೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ಅಪ್ಪ ಅಮ್ಮಂದಿರು ಎಷ್ಟೋ ಜನ ಆಗಲೇ ಹೆದರಿ ಮನೆಯಲ್ಲೂ ಇಂಗ್ಲಿಷ್ ಶುರು ಮಾಡಿಬಿಡುತ್ತಾರೆ. ನೀವು ಹಾಗೆ ಮಾಡಲಿಲ್ಲ, ಅಲ್ವಾ? ಅದಕ್ಕೇ ಇವತ್ತು ಈ ಪ್ರಶ್ನೆ ಕೇಳಲು ಸಾಧ್ಯವಾಗಿದೆ.

ಈಗ ದಾರಿ ಏನು ಅಂತ ನೋಡೋಣ.

ಸೀಲಿಗೆ ಎರಡು ಕಡೆ ಪಾಸಾಗಬೇಕು. ಇಂಗ್ಲಿಷ್ ಕಡೆಯದು ನಿಮ್ಮ ಮಗಳಿಗೆ ತೊಂದರೆ ಆಗಲಿಕ್ಕಿಲ್ಲ, ತರಗತಿಯ ಗ್ರೇಡು ಮತ್ತು ರಾಜ್ಯದ ಪರೀಕ್ಷೆಗಳೇ ಅದನ್ನು ನೋಡಿಕೊಳ್ಳುತ್ತವೆ. ಇನ್ನೊಂದು ಭಾಷೆಯ ಕಡೆ ಅನೇಕ ಮಕ್ಕಳು ಹೋಗುವ ದಾರಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್), ಅಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ. ಕ್ಯಾಲಿಫೋರ್ನಿಯಾದಲ್ಲಿ ಎಪಿಯಲ್ಲಿ 3, ಇಲ್ಲವೇ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಪರೀಕ್ಷೆಯಲ್ಲಿ 4 ಬಂದರೆ ಸಾಕು. ಆದರೆ ಎಪಿಯಲ್ಲಿ ಕನ್ನಡ ಇಲ್ಲ. ಹಿಂದಿ, ತಮಿಳು, ತೆಲುಗು ಯಾವುದೂ ಇಲ್ಲ. ಹಾಗಂತ ಬಾಗಿಲು ಮುಚ್ಚಿಲ್ಲ. ಇಂಥ ಭಾಷೆಗಳಿಗೆ ಡಿಸ್ಟ್ರಿಕ್ಟ್ (ನಿಮ್ಮ ಊರಿನ ಶಾಲೆಗಳನ್ನು ನಡೆಸುವ ಆಡಳಿತ) ಒಪ್ಪುವ ಬೇರೆ ಪರೀಕ್ಷೆ ಬರೆಯಬಹುದು. ಕನ್ನಡಕ್ಕೆ ನಮ್ಮ ಮಕ್ಕಳು ಬರೆಯುವುದು ‘ಅವಾಂಟ್’ ಸಂಸ್ಥೆಯ ‘ಸ್ಟ್ಯಾಂಪ್ ಡಬ್ಲ್ಯೂಎಸ್’. ಅದರಲ್ಲಿ ಬರಹ ಮತ್ತು ಮಾತು ಎರಡೇ ಭಾಗ. ಓದಿ ಅರ್ಥ ಮಾಡಿಕೊಳ್ಳುವುದನ್ನು ನಿಮ್ಮ ಡಿಸ್ಟ್ರಿಕ್ಟ್ ಬೇರೆಯಾಗಿ ನೋಡುತ್ತದೆಯೇ ಅಂತ ವಿಚಾರಿಸಿಕೊಳ್ಳಿ.

ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಈ ಕಾರ್ಯಕ್ರಮ ಡಿಸ್ಟ್ರಿಕ್ಟ್‌ಗಳಿಗೆ ಕಡ್ಡಾಯ ಅಲ್ಲ, ಇಷ್ಟ ಇದ್ದವರು ಸೇರಬಹುದು. ಹಾಗಾಗಿ ಮೊದಲು ಶಾಲೆಯ ಕೌನ್ಸೆಲರ್‌ಗೆ ಇಮೇಲ್ ಮಾಡಿ. “ಸೀಲ್ ಕೊಡುತ್ತೀರಾ?” ಅಂತ ಮಾತ್ರ ಕೇಳಬೇಡಿ. “ಶಾಲೆಯಲ್ಲಿ ಕಲಿಸದ ಭಾಷೆಗೆ ಯಾವ ಪರೀಕ್ಷೆ ಒಪ್ಪುತ್ತೀರಿ, ಎಷ್ಟು ಮಟ್ಟ ಬೇಕು, ಯಾವಾಗ ಬರೆಯಬೇಕು, ಫೀಸು ಯಾರು ಕಟ್ಟಬೇಕು?” ಅಂತ ಬಿಡಿಸಿ ಕೇಳಿ. ಕನ್ನಡದ ಹೆಸರನ್ನೇ ಕೇಳಿರದ ಕೌನ್ಸೆಲರ್ ಸಿಕ್ಕರೆ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ತರಗತಿಯ ಒಬ್ಬ ಹುಡುಗಿಗೆ ಅವಳ ಶಾಲೆ ಮೊದಲು ಆಗುವುದಿಲ್ಲ ಅಂದಿತ್ತು. ಅಮ್ಮ ಸಮಾಧಾನವಾಗಿ ಡಿಸ್ಟ್ರಿಕ್ಟ್ ಕಚೇರಿಗೆ ಬರೆದರು, ಪರೀಕ್ಷೆಯ ವಿವರ ಲಗತ್ತಿಸಿದರು, ಆಮೇಲೆ ಒಪ್ಪಿದರು.

ಶಾಲೆ ಏನು ಮಾಡಿದರೂ ಒಪ್ಪದಿದ್ದರೆ ‘ಗ್ಲೋಬಲ್ ಸೀಲ್ ಆಫ್ ಬೈಲಿಟರಸಿ’ ಅನ್ನುವುದೊಂದು ಇದೆ. ಅದು ರಾಜ್ಯದ್ದಲ್ಲ, ಖಾಸಗಿ. ಶಾಲೆಯ ಮೂಲಕವೇ ಹೋಗಬೇಕು ಅಂತಿಲ್ಲ.

ಇನ್ನು ತಯಾರಿ. ನಾನು ಜಾಸ್ತಿ ಹೇಳಬೇಕಿರುವುದು ಇದರ ಬಗ್ಗೆಯೇ. ಮನೆಯಲ್ಲಿ ಮಾತಾಡುತ್ತಾಳಲ್ಲ, ಆಗಿಹೋಗುತ್ತದೆ ಬಿಡಿ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಆಗುವುದಿಲ್ಲ.

ಮಟ್ಟ ಅಳೆಯಲು ಇಲ್ಲಿ ‘ಆಕ್ಟ್‌ಫಲ್’ ಅನ್ನುವ ಸಂಸ್ಥೆಯ ಅಳತೆಗೋಲು ಬಳಸುತ್ತಾರೆ. 2015ರ ರಾಷ್ಟ್ರೀಯ ಮಾರ್ಗಸೂಚಿ ಸೀಲಿಗೆ ‘ಇಂಟರ್‌ಮೀಡಿಯೆಟ್ ಮಿಡ್’ ಬೇಕು ಅನ್ನುತ್ತದೆ. ಅಂದರೆ ಬಾಯಿಪಾಠದ ಮಾತಲ್ಲ, ಸ್ವಂತವಾಗಿ ವಾಕ್ಯ ಕಟ್ಟಬೇಕು, ಒಂದರ ಹಿಂದೆ ಒಂದು ಜೋಡಿಸಬೇಕು. ಅದಕ್ಕಿಂತ ಮೇಲಿನ ‘ಅಡ್ವಾನ್ಸ್ಡ್’ ಬೇಕಾದರೆ ಆಗಿದ್ದು, ಆಗುತ್ತಿರುವುದು, ಆಗಲಿರುವುದು ಮೂರನ್ನೂ ಪ್ಯಾರಾ ಕಟ್ಟಿ ಹೇಳಬೇಕು.

ಒಬ್ಬ ಹುಡುಗ ಅಭ್ಯಾಸಕ್ಕೆ ಬರೆದದ್ದು ಹೀಗಿತ್ತು: “ರಜೆಯಲ್ಲಿ ಅಜ್ಜಿ ಮನೆಗೆ ಹೋದೆವು. ಮಳೆ ಬಂತು. ಕರೆಂಟ್ ಹೋಯಿತು. ನನಗೆ ಇಷ್ಟ ಆಯಿತು.” ಒಂದೂ ತಪ್ಪಿಲ್ಲ. ಆದರೆ ನಾಲ್ಕು ವಾಕ್ಯವೂ ಒಂದಕ್ಕೊಂದು ಪರಿಚಯ ಇಲ್ಲದವರ ಹಾಗೆ ನಿಂತಿವೆ. ಪುಸ್ತಕ ಮುಚ್ಚಿಸಿ, “ಕರೆಂಟ್ ಹೋದ ಮೇಲೆ ಏನಾಯಿತಪ್ಪಾ?” ಅಂತ ಕೇಳಿದೆ. “ಕರೆಂಟ್ ಹೋದಾಗ ಅಜ್ಜಿ ದೀಪ ಹಚ್ಚಿದ್ರು. ಕರೆಂಟ್ ಇದ್ದಿದ್ರೆ ಟಿವಿ ನೋಡ್ತಿದ್ವಿ, ಇರ್ಲಿಲ್ಲ ಅಂತ ತಾತ ಕಥೆ ಹೇಳ್ತಾ ಕೂತ್ರು, ಅದಕ್ಕೇ ಇಷ್ಟ ಆಯ್ತು” ಅಂದ. ನೋಡಿ, “ಹೋದಾಗ”, “ಇದ್ದಿದ್ರೆ”, “ಅದಕ್ಕೇ”, ಜೋಡಿಸುವ ಕೊಂಡಿಗಳೆಲ್ಲ ಅವನ ಬಾಯಲ್ಲಿ ಇವೆ. ಕೈಗೆ ಬಂದಿಲ್ಲ ಅಷ್ಟೇ. ಅವನು ಹೇಳಿದ್ದನ್ನೇ ಹಾಗೆಹಾಗೇ ಬರೆಸಿದೆ. ಮಟ್ಟ ಏರುವುದು ಆ ಜಾಗದಲ್ಲೇ.

ನಿಮ್ಮ ಮಗಳಿಗೂ ಅದನ್ನೇ ಮಾಡಿ. ಅವಳು ಊಟಕ್ಕೆ ಕೂತಾಗ ಹೇಳುವ ಯಾವುದಾದರೂ ಸಂಗತಿಯನ್ನು ಆಮೇಲೆ ಹತ್ತು ಸಾಲು ಬರೆಯಲಿ. ಕಾಗುಣಿತದ ತಪ್ಪು ಹಿಡಿದು ಮುಖ ಬಾಡಿಸಬೇಡಿ. “ಮಳೆ” ಬರೆಯುವ ಕಡೆ “ಮಲೆ” ಅಂತ ಬರೆದರೂ ಸಂದರ್ಭದಿಂದ ಅರ್ಥ ಆಗುತ್ತದೆ, ಈ ಮಟ್ಟದಲ್ಲಿ ಮೊದಲು ನೋಡುವುದು ಅರ್ಥವನ್ನು. ತಿದ್ದಲೇಬೇಕಾದ್ದು ಒಂದಿದೆ. “ಫ್ರೆಂಡ್‌ನ ಇನ್ವೈಟ್ ಮಾಡ್ದೆ, ಮೂವಿ ಎಂಜಾಯ್ ಮಾಡಿದ್ವಿ” ಅನ್ನುವ ಕನ್ನಡ. ಬಸ್ಸು, ಸ್ಕೂಲು, ಫೋನು ಇರಲಿ, ಅವು ನಮ್ಮವೇ ಆಗಿವೆ. ಕ್ರಿಯಾಪದವೆಲ್ಲ ಇಂಗ್ಲಿಷಾದರೆ ಮಾತ್ರ ಅಳೆಯುವವರಿಗೆ ಅಳೆಯಲು ಕನ್ನಡವೇ ಉಳಿಯುವುದಿಲ್ಲ. ಕರೆದೆ, ಖುಷಿಯಾಯಿತು ಅನ್ನುವ ಮಾತು ಅವಳಿಗೆ ಗೊತ್ತಿರುತ್ತದೆ, ಸುಮ್ನೆ ನೆನಪಿಸಬೇಕು.

ಅಕ್ಷರವೇ ಗೊತ್ತಿಲ್ಲದಿದ್ದರೂ ಇನ್ನೂ ಸಮಯ ಇದೆ. ಮಾತು ಬರುವ ಮಕ್ಕಳು ಅಕ್ಷರ ಬೇಗ ಹಿಡಿಯುತ್ತಾರೆ. ಒತ್ತಕ್ಷರದ ಹತ್ತಿರ ಸ್ವಲ್ಪ ತಿಣುಕುತ್ತಾರೆ, ದಾಟುತ್ತಾರೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಮಾತ್ರ ಕೊನೆಗೆ ಇಡಬೇಡಿ. ಪರೀಕ್ಷೆಯಲ್ಲಿ ಯಾವ ಕೀಬೋರ್ಡ್ ಇರುತ್ತದೆ ಅಂತ ಮೊದಲೇ ಕೇಳಿ, ಅದರಲ್ಲೇ ಅಭ್ಯಾಸ ಮಾಡಿಸಿ. ಚೆನ್ನಾಗಿ ಬರೆಯಬಲ್ಲ ಮಕ್ಕಳು ಅಕ್ಷರ ಹುಡುಕುವುದರಲ್ಲೇ ಸಮಯ ಕಳೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಯೋಜನ ಏನು ಅಂದಿರಿ. ಇದೊಂದರಿಂದಲೇ ಕಾಲೇಜು ಸೀಟು ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೆಲವು ರಾಜ್ಯಗಳಲ್ಲಿ ನೇರ ಲಾಭ ಇದೆ. ಇಲಿನಾಯ್ ರಾಜ್ಯದ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳು ಸೀಲ್ ಇದ್ದವರಿಗೆ ಭಾಷೆಯ ಕ್ರೆಡಿಟ್ ಕೊಡಬೇಕು ಅಂತ ಕಾನೂನೇ ಇದೆ. ಮಿನ್ನೆಸೋಟದಲ್ಲಿ ಗೋಲ್ಡ್, ಪ್ಲಾಟಿನಮ್ ಅಂತ ಎರಡು ಮಟ್ಟ, ಮಟ್ಟ ಏರಿದಂತೆ ಅಲ್ಲಿನ ರಾಜ್ಯ ಕಾಲೇಜುಗಳಲ್ಲಿ ಕ್ರೆಡಿಟ್ಟೂ ಏರುತ್ತದೆ. ನಿಮ್ಮ ರಾಜ್ಯದ ಯೂಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವಿಶ್ವವಿದ್ಯಾಲಯಗಳು ಇಂಗ್ಲಿಷ್ ಅಲ್ಲದ ಭಾಷೆಯನ್ನು ಎರಡು ವರ್ಷ ಓದಿರಬೇಕು ಅನ್ನುತ್ತವೆ, ಮೂರು ವರ್ಷ ಆದರೆ ಒಳ್ಳೆಯದು ಅನ್ನುತ್ತವೆ. ಆ ಲೆಕ್ಕಕ್ಕೆ ಅವಳ ಸ್ಪ್ಯಾನಿಷ್ ಬೇಕು, ಆದ್ದರಿಂದ ಕನ್ನಡಕ್ಕೋಸ್ಕರ ಅದನ್ನು ಬಿಡಿಸಬೇಡಿ. ಎರಡಕ್ಕೂ ಸೀಲ್ ಪಡೆಯಬಹುದು.

ನನ್ನ ಲೆಕ್ಕದಲ್ಲಿ ದೊಡ್ಡ ಲಾಭ ಬೇರೆ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಮಕ್ಕಳು ಕನ್ನಡವನ್ನು ಬಿಟ್ಟುಬಿಡುವುದು ಜಾಸ್ತಿ. ಹೋಮ್‌ವರ್ಕು, ಸ್ಪೋರ್ಟ್ಸು, ಕಾಲೇಜು ಅರ್ಜಿ ಅಂತ ಮೊದಲು ತಪ್ಪುವುದು ವಾರಾಂತ್ಯದ ಕನ್ನಡ ತರಗತಿಯೇ. ಸರಿಯಾಗಿ ಆ ವಯಸ್ಸಿನಲ್ಲೇ ಅವರ ಸ್ವಂತ ಶಾಲೆ, ನಿನಗೆ ಬರುವ ಕನ್ನಡಕ್ಕೂ ಇಲ್ಲಿ ಬೆಲೆ ಇದೆ ಅಂದರೆ ಮಕ್ಕಳು ಇನ್ನೆರಡು ವರ್ಷ ನಿಲ್ಲುತ್ತಾರೆ. ಆ ಎರಡು ವರ್ಷದಲ್ಲಿ ಓದು ಕುದುರುತ್ತದೆ. ಅಪ್ಪ ಅಮ್ಮ ಹೇಳಿದರೆ ಆಗದ ಕೆಲಸ ಇದು.

ಹನ್ನೊಂದನೇ ಗ್ರೇಡಿನ ಕೊನೆಗೆ ಒಮ್ಮೆ ಪರೀಕ್ಷೆ ಬರೆಸಿ. ಮಟ್ಟ ಸಾಲದೆ ಬಂದರೆ ಹನ್ನೆರಡರ ಶುರುವಿನಲ್ಲಿ ಇನ್ನೊಮ್ಮೆ ಕೂರಲು ಸಮಯ ಇರುತ್ತದೆ. ಪದವಿ ಸಮಾರಂಭಕ್ಕೆ ಹೆಸರು ಕಳಿಸುವ ಕೊನೆಯ ದಿನಾಂಕವನ್ನು ಕೌನ್ಸೆಲರ್ ಹತ್ತಿರ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಡಿಸ್ಟ್ರಿಕ್ಟಿನವರು ಕೊಟ್ಟ ಉತ್ತರವನ್ನು ಕಾಮೆಂಟಿನಲ್ಲಿ ಹಾಕಿದರೆ ಮುಂದೇನು ಅಂತ ಹೇಳುತ್ತೇನೆ.