ತೊಡೆಯಲ್ಲಿ ಉಬ್ಬಿದ್ದರೆ ಬೇರೆ ಜಾತಿಯ ಕಪ್ಪೆಯಾ?

ಗೋವಾದ ಮೊಲ್ಲೆಂ ಹಳ್ಳದಲ್ಲಿ ನೋಡಿದ ಎರಡು ಕಪ್ಪೆಗಳಲ್ಲಿ ಒಂದಕ್ಕೆ ಮಾತ್ರ ತೊಡೆಯ ಅಡಿಯಲ್ಲಿ ಉಬ್ಬಿತ್ತು, ಅಂದರೆ ಬೇರೆ ಜಾತಿನಾ ಅಂತ ಕೇಳಿದ್ದೀರಿ. ಅಷ್ಟರಿಂದಲೇ ಹೇಳಲು ಆಗುವುದಿಲ್ಲ. ಅದು ಗಂಡು ಇರಬಹುದು, ಅಷ್ಟೇ.

ಪಶ್ಚಿಮ ಘಟ್ಟದ ನೈಟ್ ಫ್ರಾಗ್ ಎಂಬ ಕಪ್ಪೆಗಳ ಹಲವು ಜಾತಿಗಳಲ್ಲಿ ಗಂಡಿಗೆ ತೊಡೆಯಲ್ಲಿ ಗ್ರಂಥಿ ಇರುತ್ತದೆ, ಉಬ್ಬಿದಂತೆ ಕಾಣುವುದು ಅದೇ. ಚಿನ್ನದ ಬೆನ್ನಿನ ಕಪ್ಪೆಗಳ ಗಂಡಿಗೆ ಅದು ತೋಳಿನ ಮೇಲೆ, ಭುಜದ ಹತ್ತಿರ. ಮಳೆಗಾಲದಲ್ಲಿ ಗಂಡಿನ ಮುಂಗಾಲಿನ ಮೊದಲ ಬೆರಳಿನ ಬುಡದಲ್ಲಿ ಒರಟು ದಿಂಬಿನಂಥ ಚರ್ಮವೂ ಬರುತ್ತದೆ. ಹೆಣ್ಣನ್ನು ಜಾರದಂತೆ ಹಿಡಿಯಲು ಅದು ಬೇಕು. ಸೀಸನ್ ಮುಗಿದ ಮೇಲೆ ಅದು ಕುಗ್ಗಿ ಕಾಣಿಸದೇ ಹೋಗಬಹುದು. ಹಾಗಾಗಿ ಜೂನ್‌ನ ಗಂಡನ್ನು ಡಿಸೆಂಬರ್‌ನ ಗಂಡಿನ ಜೊತೆ ಹೋಲಿಸಿದರೆ ಸುಮ್ನೆ ಗೊಂದಲ. ಬೆಳೆದ ಗಂಡನ್ನು ಅದೇ ಸೀಸನ್‌ನ ಬೆಳೆದ ಗಂಡಿನ ಜೊತೆಗೇ ಹೋಲಿಸಬೇಕು. ಆಗ ಗ್ರಂಥಿಯ ಆಕಾರ, ಗಾತ್ರ, ಜಾಗ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ.

ನನ್ನ ಮಟ್ಟಿಗೆ ಕೂಗು ಇನ್ನೂ ಒಳ್ಳೆಯ ಸುಳಿವು. ಆದರೆ ಚಳಿಯಲ್ಲಿ ಕೂಗು ನಿಧಾನವಾಗುತ್ತದೆ, ರೆಕಾರ್ಡಿಂಗ್ ಜೊತೆ ತಾಪಮಾನ ಬರೆದಿಡಿ. ಕೂಗಿದ್ದೆಲ್ಲ ಗಂಡೇ ಅಂದುಕೊಳ್ಳಬೇಡಿ: ಬಾಂಬೆ ನೈಟ್ ಫ್ರಾಗ್‌ನಲ್ಲಿ ಹೆಣ್ಣೂ ಕೂಗುತ್ತದೆ! ಹತ್ತಿರದ ಜಾತಿಗಳಾದರೆ ಕೊನೆಗೆ ಡಿಎನ್ಎ ಪರೀಕ್ಷೆಯೂ ಬೇಕಾಗಬಹುದು. ಮೊಲ್ಲೆಂ ರಾಷ್ಟ್ರೀಯ ಉದ್ಯಾನ ಅಲ್ವಾ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಿಡಿಯಲು ಹೋಗಬೇಡಿ.